ಕೇಳಿದವರ ಚರಿತ್ರೆ

ಸಂಗೀತದ ಚರಿತ್ರೆಯೆಂದರೆ ಹಾಡಿದವರ ಚರಿತ್ರೆ ಎಂದೇ ನಾವು ತಿಳಿದಿದ್ದೇವೆ. ವಾಗ್ಗೇಯಕಾರರು ಯಾರು, ಅವರ ಶಿಷ್ಯಪರಂಪರೆ ಯಾವುದು, ಯಾವ ಆಸ್ಥಾನದಲ್ಲಿ ಯಾರಿಗೆ ಖಿಲ್ಲತ್ತು ಸಂದಿತು, ಯಾರ ಕೈಗೆ ತೋಡಾ ತೊಡಿಸಿದರು, ಇವೆಲ್ಲ ಗ್ರಂಥಗಳಲ್ಲಿ ಉಂಟು. ಆದರೆ ಹಾಡಿದ್ದನ್ನು ಕೇಳಿದವರು ಯಾರು? ಅವರು ಎಲ್ಲಿ ಕುಳಿತು ಕೇಳಿದರು? ಕೇಳಿ ಮನೆಗೆ ಹಿಂದಿರುಗಿದ ಮೇಲೆ ಅವರಿಗೆ ಏನಾಯಿತು? ಈ ಪ್ರಶ್ನೆಗಳನ್ನು ಎತ್ತುವವರು ಕಡಮೆ. ಮದುವೆಯ ಊಟವನ್ನು ವರ್ಣಿಸುವವರು ಅಡಿಗೆಯವರನ್ನು ಹೊಗಳುತ್ತಾರೆ. ಉಂಡವರ ಹಸಿವಿನ ಮಾತನ್ನು ಯಾರೂ ಆಡುವುದಿಲ್ಲ.

ಈ ಪ್ರಶ್ನೆ ನನಗೂ ತಾನಾಗಿ ಹೊಳೆದುದಲ್ಲ. ಕೆಲವು ವರ್ಷಗಳ ಹಿಂದೆ ಮೈಸೂರಿನ ನಮ್ಮ ಹಳೆಯ ಮನೆಯನ್ನು ಮಾರುವ ಪ್ರಸಂಗ ಬಂದಿತು. ಅಟ್ಟದ ಮೇಲಿದ್ದುದನ್ನೆಲ್ಲ ಕೆಳಗಿಳಿಸಿದಾಗ ತೂತಾದ ಹಂಡೆ, ಕಾಲು ಮುರಿದ ತೊಟ್ಟಿಲು, ಪಂಚಾಂಗಗಳ ಕಟ್ಟು, ಇವುಗಳ ನಡುವೆ ತಾತನವರ ಒಂದು ಉದ್ದನೆಯ ಲೆಕ್ಕದ ಪುಸ್ತಕ ಸಿಕ್ಕಿತು. ತಾತ ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಕಾಗದವನ್ನು ಪೋಲು ಮಾಡುವವರಲ್ಲ. ಪುಸ್ತಕದ ಮುಂಭಾಗದಲ್ಲಿ ಹಾಲಿನ ಲೆಕ್ಕ, ಸೌದೆಯ ಲೆಕ್ಕ. ಅದನ್ನೇ ತಿರುಗಿಸಿ ಹಿಂದಿನಿಂದ ತೆರೆದರೆ ಬೇರೆಯೇ ಒಂದು ಲೆಕ್ಕ! ರೇಡಿಯೋದಲ್ಲಿ ಆ ದಿನ ಕೇಳಿದ ಸಂಗೀತ ಯಾವುದು, ರಾಗ ಯಾವುದು, ಗೊತ್ತಾದುದೇನು, ಗೊತ್ತಾಗದೆ ಉಳಿದುದೇನು ಎಂದು 1953ರಿಂದ 1961ರವರೆಗೆ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗಳು.

ಮಾದರಿಗೆ ಒಂದು: “ಶನಿವಾರ ರಾತ್ರಿ. ಹಿಂದೂಸ್ಥಾನಿ. ಮಾಲಕೌಂಸ್ ಎಂದು ಹೇಳಿದರು. ಇದು ನಮ್ಮ ಹಿಂದೋಳವೇ! ಹಾಗಾದರೆ ಅವರ ಹಿಂದೋಲ್ ಯಾವುದು?” ಎರಡು ಪುಟಗಳಾದ ಮೇಲೆ ಉತ್ತರ: “ಅವರ ಹಿಂದೋಲ್ ಬೇರೆ. ಹೆಸರನ್ನು ನಂಬಬಾರದು.” ಅದರ ಕೆಳಗೆ, ಮಗ್ಗಿ ಬರೆದಂತೆ ಒಂದು ಪಟ್ಟಿ: “ಭೂಪ್—ಮೋಹನ. ಯಮನ್—ಕಲ್ಯಾಣಿ, ಸುಮಾರಾಗಿ. ದುರ್ಗಾ—ಶುದ್ಧಸಾವೇರಿ. ಅವರ ತೋಡಿ ನಮ್ಮ ತೋಡಿಯಲ್ಲ, ಶುಭಪಂತುವರಾಳಿ.”

ಸಂಗೀತ ಬಲ್ಲವರಿಗೆ ಇವು ಬಾಲಪಾಠಗಳು. ಯಾವ ಲಕ್ಷಣಗ್ರಂಥವನ್ನು ನೋಡಿದರೂ ಸಿಕ್ಕುತ್ತವೆ. ತಾತ ಗ್ರಂಥ ನೋಡಲಿಲ್ಲ. ಕಿವಿಯಿಂದಲೇ ಒಂದೊಂದಾಗಿ ಕಂಡುಕೊಂಡರು. ತಮ್ಮ ಮನೆಯ ಜಗುಲಿಯಲ್ಲಿ ಕುಳಿತು ಕೊಲಂಬಸ್ಸಿನಂತೆ ಹೊಸ ದೇಶವನ್ನು ಕಂಡವರ ಸಂತೋಷ ಆ ಅಕ್ಷರಗಳಲ್ಲಿದೆ. ಇಂಥ ಸಂತೋಷ ಒಬ್ಬ ಬಡ ಮೇಷ್ಟರ ಮನೆಗೆ ಹೇಗೆ ಬಂದಿತು ಎಂದು ವಿಚಾರಿಸಹೊರಟ ನನಗೆ ಅದರ ಹಿಂದೆ ಅರ್ಧ ಶತಮಾನದ ಒಂದು ಕತೆ ಇರುವುದು ಕಂಡಿತು.

ಯಂತ್ರ ಬರುವುದಕ್ಕೆ ಮೊದಲು ಸಂಗೀತವನ್ನು ಕೇಳಬೇಕಾದರೆ ಅದು ಇದ್ದಲ್ಲಿಗೆ ಹೋಗಬೇಕಾಗಿತ್ತು. ಅದು ಇದ್ದುದಾದರೂ ಎಲ್ಲಿ? ಅರಮನೆಯಲ್ಲಿ, ದೇವಸ್ಥಾನದಲ್ಲಿ, ಶ್ರೀಮಂತರ ಮನೆಯ ಮದುವೆಯಲ್ಲಿ. ಅರಮನೆಗೆ ಕರೆ ಬೇಕು. ದೇವಸ್ಥಾನದ ಒಳಗೆ ಎಲ್ಲರಿಗೂ ಪ್ರವೇಶವಿರಲಿಲ್ಲ. ಮದುವೆಯ ಚಪ್ಪರದಲ್ಲಿ ಮುಂದಿನ ಸಾಲು ಬೀಗರದು. ಕೇಳುವವನು ಯಾವಾಗಲೂ ಇನ್ನೊಬ್ಬರ ಅತಿಥಿ. ಒಂದು ಸಲ ಕೇಳಿದ್ದನ್ನು ಮತ್ತೊಮ್ಮೆ ಕೇಳಬೇಕೆನಿಸಿದರೆ ಇನ್ನೊಂದು ಮದುವೆಗಾಗಿ ಕಾಯಬೇಕು. ಇನ್ನು ಗೃಹಸ್ಥರ ಮನೆಯ ಹೆಂಗಸರಂತೂ ಬಾಗಿಲ ಮರೆಯಲ್ಲಿ ನಿಂತು ಕೇಳಿದರೆ ಅದೇ ಹೆಚ್ಚು.

ಈ ಸ್ಥಿತಿಯನ್ನು ಕದಲಿಸಿದ್ದು ಒಂದು ಕಪ್ಪು ತಟ್ಟೆ. ನಮ್ಮ ಹಿರಿಯರು ಅದನ್ನು “ಪ್ಲೇಟು” ಎನ್ನುತ್ತಿದ್ದರು. 1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಾಫೋನ್ ಕಂಪೆನಿಯ ಪರವಾಗಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕಲ್ಕತ್ತೆಗೆ ಬಂದು ಅಲ್ಲಿಯ ಗಾಯಕಿಯರ ಧ್ವನಿಯನ್ನು ಮುದ್ರಿಸಿಕೊಂಡ. ಆಗ ಹಾಡಿದವರಲ್ಲಿ ಮುಖ್ಯರಾದವರು ಗೌಹರ್ ಜಾನ್. ಖಯಾಲು ಹಾಡುವುದಕ್ಕೆ ಒಂದು ಗಂಟೆ ಸಾಲದು. ಪ್ಲೇಟಿನಲ್ಲಿ ಸಿಕ್ಕುವುದು ಮೂರು ನಿಮಿಷ. ಆ ಮೂರು ನಿಮಿಷದೊಳಗೆ ರಾಗವನ್ನು ತೋರಿಸಿ, ಚೀಜನ್ನು ಹಾಡಿ, ತಾನುಗಳನ್ನು ಹಾರಿಸಿ ಮುಗಿಸುವ ಜಾಣ್ಮೆ ಅವರಿಗೆ ಸಿದ್ಧಿಸಿತ್ತು. ಹಾಡು ಮುಗಿಯುತ್ತಲೇ ತಮ್ಮ ಹೆಸರು ಗೌಹರ್ ಜಾನ್ ಎಂದು ಇಂಗ್ಲಿಷಿನಲ್ಲಿ ಸಾರಿಬಿಡುತ್ತಿದ್ದರು. ಇದು ಜಂಬದ ಮಾತಲ್ಲ. ಮುದ್ರಿಸಿದ ಮೂಲ ಜರ್ಮನಿಯ ಹ್ಯಾನೋವರ್ ಪಟ್ಟಣಕ್ಕೆ ಹೋಗಿ ಅಲ್ಲಿ ಪ್ಲೇಟುಗಳಾಗಿ ಬರಬೇಕು. ಅಲ್ಲಿಯ ಕೆಲಸಗಾರರಿಗೆ ಯಾವುದು ಯಾರ ಹಾಡು ಎಂದು ತಿಳಿಯಬೇಕಲ್ಲ! ಕಲ್ಕತ್ತೆಯಲ್ಲಿಯೇ ಕಾರ್ಖಾನೆಯಾದುದು 1908ರಲ್ಲಿ.

ಪ್ಲೇಟಿನ ಮುಖ್ಯ ದ್ರವ್ಯ ಅರಗು. ಅದು ನಮ್ಮ ದೇಶದ ಕಾಡುಮರಗಳ ಕೊಂಬೆಗಳ ಮೇಲೆ ಒಂದು ಬಗೆಯ ಹುಳು ಕಟ್ಟುವ ಅಂಟು. ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯನ್ನೂ ಬೆರೆಸಿ ಬಿಸಿಮಾಡಿ ಒತ್ತಿದರೆ ಪ್ಲೇಟು. ಮಹಾಭಾರತದ ಅರಗಿನ ಮನೆ ಒಳಗಿದ್ದವರನ್ನು ಸುಡುವುದಕ್ಕಾಗಿ ಕಟ್ಟಿದ್ದು. ಈ ಅರಗಿನ ಮನೆ ಒಳಹೊಕ್ಕ ದನಿಯನ್ನು ಕಾಪಾಡಿತು. ಕೈಜಾರಿ ಬಿದ್ದರೆ ಒಡೆಯುತ್ತಿತ್ತು ಎಂಬುದೂ ನಿಜ. ಮುಳ್ಳನ್ನು ಪ್ಲೇಟಿಗೊಮ್ಮೆ ಬದಲಾಯಿಸಬೇಕು, ಪೆಟ್ಟಿಗೆಗೆ ಕೀಲಿ ಕೊಡಬೇಕು. ಇಷ್ಟು ಉಪಚಾರ ಮಾಡಿಸಿಕೊಂಡು ಅದು ಹಾಡುತ್ತಿದ್ದುದು ಮೂರೇ ನಿಮಿಷ.

ಆರಂಭದಲ್ಲಿ ಹಲವು ದೊಡ್ಡ ವಿದ್ವಾಂಸರು ಈ ಯಂತ್ರದ ಮುಂದೆ ಹಾಡಲು ಒಪ್ಪಲಿಲ್ಲ. ವಿದ್ಯೆ ಬೀದಿಪಾಲಾಗುತ್ತದೆಂಬ ಭಯ. ಒಪ್ಪಿದವರಲ್ಲಿ ಬಹುಮಂದಿ ಹಾಡುವುದನ್ನೇ ಕುಲವೃತ್ತಿಯಾಗಿ ಹೊಂದಿದ್ದ ಹೆಂಗಸರು. ಉತ್ತರದಲ್ಲಿ ತವಾಯಿಫರು, ದಕ್ಷಿಣದಲ್ಲಿ ದೇವದಾಸಿಯರು. ಯಾರ ಹಾಡನ್ನು ಕೇಳಲು ಮನೆಯ ಗಂಡಸರು ಕದ್ದು ಹೋಗುತ್ತಿದ್ದರೋ ಅವರ ಕಂಠವೇ ಈಗ ಪ್ಲೇಟಿನ ಮೂಲಕ ಮನೆಯ ನಡುಮನೆಗೆ ಬಂದಿತು. ಬಾಗಿಲ ಮರೆಯಲ್ಲಿ ನಿಂತಿದ್ದವರೂ ಕೇಳಿದರು. ಇದೊಂದು ದೊಡ್ಡ ಸಾಮಾಜಿಕ ಬದಲಾವಣೆ. ಸದ್ದಿಲ್ಲದೆ ಆಯಿತೆನ್ನಬಾರದು, ಸದ್ದು ಮಾಡಿಕೊಂಡೇ ಆಯಿತು.

ಗೌಹರ್ ಜಾನ್ ಅವರ ಕತೆಯ ಕೊನೆಯ ಅಧ್ಯಾಯ ನಮ್ಮ ಮೈಸೂರಿನದು. ಕಲ್ಕತ್ತೆಯ ವೈಭವವೆಲ್ಲ ಕರಗಿಹೋದ ಮೇಲೆ 1928ರ ಆಗಸ್ಟಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನಕ್ಕೆ ನೇಮಿಸಿಕೊಂಡರು. ಒಂದೂವರೆ ವರ್ಷವೂ ತುಂಬಲಿಲ್ಲ. 1930ರ ಜನವರಿ 17ರಂದು ಅವರು ಮೈಸೂರಿನಲ್ಲಿಯೇ ತೀರಿಕೊಂಡರು. ನಮ್ಮ ತಾತ ಆಗ ಆ ಊರಿನಲ್ಲಿಯೇ ಓದುತ್ತಿದ್ದ ಹುಡುಗ. ದೇಶವೇ ಕೇಳಿದ ಒಂದು ಕಂಠ ನಾಲ್ಕು ಬೀದಿಗಳಾಚೆ ಮೌನವಾದುದು ಅವರ ಗಮನಕ್ಕೆ ಬಂದಿತೋ ಇಲ್ಲವೋ, ಟಿಪ್ಪಣಿಯಲ್ಲಂತೂ ಅದರ ಮಾತಿಲ್ಲ. ಹತ್ತಿರವಿದ್ದುದು ಕಿವಿಗೆ ಬೀಳದಿರುವುದು ಅಪರೂಪವೇನಲ್ಲವಷ್ಟೆ. ಈ ಮಾತಿಗೆ ನಾನು ಮತ್ತೆ ಬರಬೇಕಾಗುತ್ತದೆ.

ಪ್ಲೇಟು ಕೇಳುಗರನ್ನು ಮಾತ್ರ ಹೆಚ್ಚಿಸಿತೆಂದು ತಿಳಿಯಬಾರದು. ಕೇಳುಗರೊಳಗಿನಿಂದ ಹಾಡುಗಾರರನ್ನೂ ಎಬ್ಬಿಸಿತು. ಇದಕ್ಕೆ ಎರಡು ನಿದರ್ಶನಗಳು ಧಾರವಾಡದ ಸೀಮೆಯಲ್ಲಿಯೇ ಇವೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ಪಳಗಿದವರು. ಮನೆಯಲ್ಲಿ ಅಂಥ ಸಂಗೀತವಿದ್ದರೂ ಬೀದಿಯಲ್ಲಿ ಗ್ರಾಮಾಫೋನಿನ ದನಿ ಕೇಳಿಸಿದರೆ ಹುಡುಗಿ ಗಂಗೂ ಹೊರಗೆ ಓಡುತ್ತಿದ್ದಳಂತೆ. ಪ್ಲೇಟು ಹಾಡಿದಂತೆ ತಾನೂ ಹಾಡಲು ಯತ್ನಿಸುತ್ತಿದ್ದಳಂತೆ. ಗಂಗೂಬಾಯಿಯವರೇ ಇದನ್ನು ಮುಂದೆ ನೆನೆದುಕೊಂಡಿದ್ದಾರೆ. ತಾಯಿಯ ಕರ್ನಾಟಕ ಪದ್ಧತಿ ಒಂದು ಕಡೆ, ಬೀದಿಯಿಂದ ಬಂದ ಹಿಂದೂಸ್ಥಾನಿ ಇನ್ನೊಂದು ಕಡೆ. ಆ ಹುಡುಗಿಯ ಕಿವಿ ಎರಡನೆಯದನ್ನು ಆರಿಸಿಕೊಂಡಿತು. ತಾಯಿ ಮಗಳ ದಾರಿಗೆ ಅಡ್ಡ ಬರಲಿಲ್ಲ.

ಎರಡನೆಯ ಕತೆ ಇನ್ನೂ ಪ್ರಸಿದ್ಧ. 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿ ಗದಗಿನ ಮೇಷ್ಟರೊಬ್ಬರ ಮಗ. ಬೀದಿಯಲ್ಲಿ ಮೇಳ ಹೋದರೆ ಅದರ ಹಿಂದೆಯೇ ಹೋಗಿ ದಣಿದಲ್ಲಿ ಮಲಗಿಬಿಡುವ ಹುಡುಗ. ಹುಡುಕಿ ಹುಡುಕಿ ಸಾಕಾದ ತಂದೆ ಮಗನ ಅಂಗಿಯ ಮೇಲೆ ಜೋಶಿ ಮೇಷ್ಟರ ಮಗನೆಂದು ಬರೆದರಂತೆ. ಒಂದು ದಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟು ಈ ಹುಡುಗನ ಕಿವಿಗೆ ಬಿದ್ದಿತು. ಹಾಗೆ ಹಾಡಬೇಕು ಎಂಬ ಹುಚ್ಚು ಹತ್ತಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಹೊರಟ. ಬಿಜಾಪುರ, ಗ್ವಾಲಿಯರ್, ಜಲಂಧರ ಎಂದು ಅಲೆದಲೆದು ಕೊನೆಗೆ ಸೇರಿದ್ದು ಎಲ್ಲಿಗೆ? ಗದಗಿನಿಂದ ಹೆಚ್ಚು ದೂರವಿಲ್ಲದ ಕುಂದಗೋಳಕ್ಕೆ! ಅಬ್ದುಲ್ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರು ಅಲ್ಲಿದ್ದರು. ಗಂಗೂಬಾಯಿಯವರಿಗೂ ಅವರೇ ಗುರುಗಳು. ಪ್ಲೇಟು ಮೂರು ನಿಮಿಷದಲ್ಲಿ ಮುಗಿಯಿತು. ಅದು ಕೊಟ್ಟ ದಾಹ ಒಂದು ಜನ್ಮಕ್ಕೆ ಸಾಕಾಯಿತು.

ಇವರು ಕೇಳಿ ಹಾಡುಗಾರರಾದವರು. ಕೇಳಿ ಕೇಳುಗನಾಗಿಯೇ ಉಳಿದವನು ಸಂಗೀತಕ್ಕೆ ಏನು ಮಾಡಿಯಾನು ಎಂಬ ಪ್ರಶ್ನೆಗೆ ಮೈಸೂರಿನಲ್ಲಿ ಒಂದು ಉತ್ತರ ಉಂಟು. ಅದನ್ನು ಕೊಟ್ಟವರು ಮಹಾರಾಜರಾಗಿದ್ದ ಜಯಚಾಮರಾಜೇಂದ್ರ ಒಡೆಯರು.

ಪಾಶ್ಚಾತ್ಯ ಸಂಗೀತದಲ್ಲಿ ಪಿಯಾನೋ ವಾದಕರಾಗಬೇಕೆಂಬುದು ಅವರ ತಾರುಣ್ಯದ ಆಸೆ. ಆದರೆ 1940ರಲ್ಲಿ ಮೊದಲು ತಂದೆಯವರು, ಅನಂತರ ದೊಡ್ಡಪ್ಪ ನಾಲ್ವಡಿಯವರು ಕಾಲವಾಗಿ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಅವರು ಸಿಂಹಾಸನವೇರಬೇಕಾಯಿತು. ಪಿಯಾನೋದ ಆಸೆ ಹಿಂದೆ ಸರಿಯಿತು. ಕೇಳುವ ಆಸೆ ಸರಿಯಲಿಲ್ಲ. ಅವರ ಸಂಗ್ರಹದಲ್ಲಿ ಸುಮಾರು 20,000 ಪ್ಲೇಟುಗಳಿದ್ದುವೆಂದು ಅಂದಾಜು. ಲಂಡನ್ನಿನ ಧ್ವನಿಮುದ್ರಣ ಕಂಪೆನಿಯ ವಾಲ್ಟರ್ ಲೆಗ್ ಮೈಸೂರಿಗೆ ಬಂದು ಆ ಭಂಡಾರವನ್ನು ಕಂಡು ಬೆರಗಾದ.

ಅಷ್ಟೆಲ್ಲ ಕೇಳಿದ ಮಹಾರಾಜರಿಗೆ ಒಂದು ಕೊರತೆ ಕಾಡುತ್ತಿತ್ತು. ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ವಾಗ್ಗೇಯಕಾರರ ಸಂಗೀತ ಅವರಿಗೆ ಬಹು ಪ್ರಿಯ. ಪ್ಲೇಟುಗಳಲ್ಲಿ ಅದು ಬಹು ವಿರಳ. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಮೆಟ್ನರ್ ಕ್ರಾಂತಿಯ ಅನಂತರ ದೇಶ ಬಿಟ್ಟು ಅಲೆದು ಕೊನೆಗೆ ಲಂಡನ್ನಿನಲ್ಲಿ ನೆಲೆಸಿದ್ದರು. ಹೊಸ ಮೋಡಿಯ ಸಂಗೀತದ ಕಾಲದಲ್ಲಿ ಅವರದು ಹಳೆಯ ಮೋಡಿ. ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ಯುದ್ಧದಿಂದಾಗಿ ನಿಂತುಹೋಗಿತ್ತು. ಮುಪ್ಪು, ಹೃದ್ರೋಗ, ಬಡತನ ಮೂರೂ ಜೊತೆಗೂಡಿದ್ದುವು. ಹೀಗಿರಲು, ಅವರ ಕೃತಿಗಳನ್ನು ಅವರೇ ನುಡಿಸಿ ಮುದ್ರಿಸಬೇಕು, ಅದರ ವೆಚ್ಚ ತನ್ನದು ಎಂದು ಯಾವುದೋ ದೂರದ ಮೈಸೂರಿನಿಂದ ಒಬ್ಬ ರಸಿಕ ಹೇಳಿ ಕಳುಹಿಸಿದರೆ ಅವರಿಗೆ ಹೇಗಾಗಿರಬೇಡ!

1940ರ ದಶಕದ ಕೊನೆಯ ವರ್ಷಗಳಲ್ಲಿ ಮಹಾರಾಜರ ಧನದಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಯಿತು. ಪಿಯಾನೋ ಮತ್ತು ವಾದ್ಯವೃಂದಕ್ಕೆಂದು ಬರೆದಿದ್ದ ಮೂರು ಕಾನ್ಚೆರ್ಟೊಗಳನ್ನೂ ಇನ್ನೂ ಹಲವು ರಚನೆಗಳನ್ನೂ ಮೆಟ್ನರ್ ತಮ್ಮ ಕೈಯಿಂದಲೇ ನುಡಿಸಿ ಮುದ್ರಿಸಿದರು. ಮೂರನೆಯ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. 1951ರಲ್ಲಿ ತೀರಿಕೊಂಡರು. ಇನ್ನು ನಾಲ್ಕೈದು ವರ್ಷ ತಡವಾಗಿದ್ದರೆ ಕರ್ತೃವಿನ ಕೈಯ ಆ ನುಡಿಸಾಣಿಕೆ ಲೋಕಕ್ಕೆ ದಕ್ಕುತ್ತಿರಲಿಲ್ಲ.

1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಸಾರ್ವಜನಿಕವಾಗಿ ಹಾಡಲ್ಪಟ್ಟಾಗಲೂ ವೆಚ್ಚದ ಹೊಣೆ ಹೊತ್ತವರು ಈ ಮಹಾರಾಜರೇ. ಆ ಕಛೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದು ಏರ್ಪಾಡು. ಆ ಮುದ್ರಣ, ಸವೆದುಹೋಗಿದ್ದರೂ, ಇಂದಿಗೂ ಉಳಿದಿದೆ. ಅರಸರ ಹಣ ಕೊನೆಗೆ ಯಾರ ಹಣ ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ ಪ್ರಶ್ನೆಯೇ. ಆದರೆ ಅದರಿಂದ ಕೊಂಡದ್ದು ಏನನ್ನು ಎಂಬುದನ್ನೂ ನೋಡಬೇಕಲ್ಲವೆ? ಇದೇ ಮಹಾರಾಜರು ಮುಂದೆ ಕರ್ನಾಟಕ ಸಂಗೀತಕ್ಕೆ ತಿರುಗಿ 94 ಕೃತಿಗಳನ್ನು ರಚಿಸಿದರು.

ಮಹಾರಾಜರಿಗೆ 20,000 ಪ್ಲೇಟು. ಅವರ ಊರಿನ ಮೇಷ್ಟರಿಗೆ? ಒಂದೂ ಇಲ್ಲ. ಆತನ ಮನೆಗೆ ಸಂಗೀತ ಬಂದುದು ಗಾಳಿಯ ದಾರಿಯಿಂದ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಅದಕ್ಕೆ ಇಟ್ಟ “ಆಕಾಶವಾಣಿ” ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಗೇ ನಿಂತಿತು. 1950ರಲ್ಲಿ ಧಾರವಾಡದ ನಿಲಯ ಆರಂಭವಾಯಿತು. 1955ರಲ್ಲಿ ಮೈಸೂರಿನ ನಿಲಯ ಬೆಂಗಳೂರಿಗೆ ಹೋಯಿತು. 1952ರಿಂದ ಶನಿವಾರ ರಾತ್ರಿ ದೇಶಕ್ಕೆಲ್ಲ ಒಂದೇ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ. ಮದರಾಸಿನ ವಿದ್ವಾಂಸರನ್ನು ಗ್ವಾಲಿಯರಿನವರೂ ಗ್ವಾಲಿಯರಿನವರನ್ನು ಮೈಸೂರಿನ ಮೇಷ್ಟರೂ ಕೇಳುವಂತಾಯಿತು. ಮಾಲಕೌಂಸಿನೊಳಗೆ ಹಿಂದೋಳವನ್ನು ತಾತ ಕಂಡದ್ದು ಹೀಗೆ.

ರೇಡಿಯೋ ಇಟ್ಟುಕೊಳ್ಳುವುದಕ್ಕೆ ಅಂಚೆ ಕಛೇರಿಯಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. 1980ರ ದಶಕದವರೆಗೂ ಈ ಕಟ್ಟಳೆ ಇತ್ತು. ಹಾಲಿನ ಲೆಕ್ಕದ ಕಡೆಗೆ ತಾತ ಅದನ್ನೂ ಬರೆದಿದ್ದಾರೆ. ಹಣ ಕಟ್ಟಿ ಕೇಳುವ ಸಂಗೀತವಾದ್ದರಿಂದ ಮನೆಯಲ್ಲಿ ಆ ಹೊತ್ತಿಗೆ ಯಾರೂ ಮಾತಾಡಕೂಡದು. ಪಾತ್ರೆಯ ಸದ್ದಾದರೆ ತಾತನ ಹುಬ್ಬು ಗಂಟಿಕ್ಕುತ್ತಿತ್ತೆಂದು ನಮ್ಮ ತಂದೆ ಹೇಳುತ್ತಾರೆ.

ಆ ಶಿಸ್ತಿಗೆ ಒಂದು ಕಂಟಕವೂ ಬಂದಿತು. 1952ರಲ್ಲಿ ಪ್ರಸಾರ ಖಾತೆಯ ಮಂತ್ರಿಗಳಾದ ಬಿ. ವಿ. ಕೇಸ್ಕರರು ಚಲನಚಿತ್ರಗೀತೆಗಳು ಜನರ ಅಭಿರುಚಿಯನ್ನು ಕೆಡಿಸುತ್ತವೆಂದು ಬಗೆದರು. ಆಕಾಶವಾಣಿಯಲ್ಲಿ ಅವುಗಳ ದನಿ ಅಡಗಿತು. ಜನ ಸುಮ್ಮನಿದ್ದರೆ? ರೇಡಿಯೋದ ಮುಳ್ಳನ್ನು ಸಿಲೋನಿಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ಅಮೀನ್ ಸಾಯಾನಿಯವರ ಗೀತಮಾಲೆ ಆರಂಭವಾಗಿ ದೇಶವನ್ನೇ ಸೆಳೆಯಿತು. ಸರಕಾರಕ್ಕೂ ಕೊನೆಗೆ ಜ್ಞಾನೋದಯವಾಗಿ 1957ರಲ್ಲಿ ವಿವಿಧ ಭಾರತಿ ಹುಟ್ಟಿತು. ಕೇಳುಗರು ಮಂತ್ರಿಯನ್ನು ಸೋಲಿಸಿದ ಈ ಯುದ್ಧದ ಒಂದು ರಂಗ ನಮ್ಮ ಮನೆಯಲ್ಲಿಯೂ ಇತ್ತು. ತಾತ ಬರೆಯುತ್ತಾರೆ: “ಹುಡುಗ ಸಿಲೋನಿಗೆ ತಿರುಗಿಸುತ್ತಾನೆ. ಹೇಳಿದರೆ ಕೇಳುವುದಿಲ್ಲ.” ಈ ಹುಡುಗ ನಮ್ಮ ತಂದೆ. ಕೆಲವು ತಿಂಗಳಾದ ಮೇಲೆ ಇನ್ನೊಂದು ಟಿಪ್ಪಣಿ: “ಸಿಲೋನ್. ಸಿನೆಮಾ ಹಾಡು. ಭೀಮ್‌ಪಲಾಸಿ ಇರಬಹುದೆ? ಪರವಾಗಿಲ್ಲ.” ಆ “ಪರವಾಗಿಲ್ಲ” ಎಂಬ ಮಾತನ್ನು ತಂದೆಯವರಿಗೆ ತೋರಿಸಿದೆ. ಅರುವತ್ತು ವರ್ಷಗಳ ಮೇಲೆ ಗೆದ್ದವರಂತೆ ಅವರು ನಕ್ಕರು.

ಈ ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೊಂದು ಪುಟ. ಆನಂದಭೈರವಿ ರಾಗದ ಬಗೆಗೆ ತಾತನಿಗೆ ಬಗೆಹರಿಯದ ಒಂದು ತೊಡಕಿತ್ತು. ಅದರ ಹೆಸರು ನಾಲ್ಕು ಕಡೆ ಬರುತ್ತದೆ. “ಆನಂದಭೈರವಿ. ಚೆನ್ನಾಗಿತ್ತು. ಹಿಡಿಯಲಾಗಲಿಲ್ಲ.” “ಆನಂದಭೈರವಿ. ರೀತಿಗೌಳದೊಂದಿಗೆ ಗೊಂದಲವಾಗುತ್ತದೆ.” “ಮತ್ತೆ ಕೇಳಬೇಕು. ಯಾವಾಗ ಹಾಕುತ್ತಾರೋ.” ನಾಲ್ಕನೆಯದು ಹೆಸರು ಮಾತ್ರ, ಮುಂದೆ ಪ್ರಶ್ನೆಯ ಗುರುತು.

ನಮ್ಮ ಅಜ್ಜಿ ಹಾಡುತ್ತಿದ್ದರು. ಹಸೆಯ ಹಾಡು, ಉರುಟಣೆಯ ಹಾಡು, ಆರತಿಯ ಹಾಡು, ತೊಟ್ಟಿಲ ಹಾಡು. ಅಡಿಗೆಮನೆಯಲ್ಲಿ ಕೆಲಸ ಮಾಡುತ್ತ ಅರ್ಧ ದನಿಯಲ್ಲಿ, ನೆಂಟರ ಮದುವೆಗಳಲ್ಲಿ ಪೂರ್ತಿ ದನಿಯಲ್ಲಿ. ಯಾವ ರಾಗವೆಂದು ಅವರಿಗೂ ತಿಳಿಯದು, ಕೇಳಿದ ನಮಗೂ ತಿಳಿಯದು. ಅವರು ತೀರಿಕೊಂಡು ಎಷ್ಟೋ ಕಾಲವಾದ ಮೇಲೆ, ಒಂದು ರಾಮೋತ್ಸವದ ಕಛೇರಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದಾಗ, ವಿದ್ವಾಂಸರು ಒಂದು ರಾಗವನ್ನು ಆಲಾಪಿಸತೊಡಗಿದರು. ನಾಲ್ಕನೆಯ ಸಂಗತಿಗೆ ನನಗೆ ಮೈ ಜುಮ್ಮೆಂದಿತು. ಅದು ಅಜ್ಜಿಯ ಉರುಟಣೆಯ ಹಾಡಿನ ತಿರುವು! ಪಕ್ಕದಲ್ಲಿದ್ದ ಹಿರಿಯರೊಬ್ಬರನ್ನು “ಸ್ವಾಮಿ, ಇದು ಯಾವ ರಾಗ?” ಎಂದು ಕೇಳಿದೆ. ತಲೆಯಾಡಿಸುವುದನ್ನು ನಿಲ್ಲಿಸದೆಯೇ “ಆನಂದಭೈರವಿ” ಎಂದರು.

ತಾತ ಎಂಟು ವರ್ಷ ರೇಡಿಯೋದ ಮುಂದೆ ಕಾದ ರಾಗ ಒಳಗೆ, ಒಲೆಯ ಮುಂದೆ, ದಿನವೂ ಇತ್ತು. ಅಜ್ಜಿಯ ಹಾಡಿನ ಮಾತು ಆ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ. ಪಾತ್ರೆಯ ಸದ್ದು ಆಗದಿರಲೆಂದು ಆ ಹೊತ್ತಿನಲ್ಲಿ ಅಜ್ಜಿ ಸುಮ್ಮನೆ ಕುಳಿತಿರುತ್ತಿದ್ದರಂತೆ.

ತಾತನನ್ನು ದೂರುವುದು ಸುಲಭ. ಆದರೆ ನನ್ನ ಲೆಕ್ಕವೇನು ಹಸನಾಗಿದೆಯೆ? ನಾನು ಕ್ಯಾಸೆಟ್ಟಿನ ಕಾಲದ ಹುಡುಗ. 1978ರಲ್ಲಿ ಮೈಸೂರು ಅನಂತಸ್ವಾಮಿಯವರು ನಿಸಾರ್ ಅಹಮದರ ಕವಿತೆಗಳಿಗೆ ರಾಗ ಹಾಕಿದ “ನಿತ್ಯೋತ್ಸವ” ಬಂದ ಮೇಲೆ ಭಾವಗೀತೆಗಳು ಕ್ಯಾಸೆಟ್ಟಿನಿಂದ ಮನೆಮನೆಗೂ ಹರಿದುವು; ನನಗೆ ಕನ್ನಡ ಕಾವ್ಯದ ರುಚಿ ಹತ್ತಿದುದು ಮೊದಲು ಕಿವಿಯಿಂದ, ಆಮೇಲೆ ಕಣ್ಣಿನಿಂದ. ಹೈಸ್ಕೂಲಿನಲ್ಲಿದ್ದಾಗ ಮನೆಗೆ ಟೇಪ್ ರೆಕಾರ್ಡರು ಬಂದಿತು. ರೇಡಿಯೋದ ಮುಂದೆ ಅದನ್ನಿಟ್ಟು ಹಾಡುಗಳನ್ನು ಹಿಡಿಯುವುದೇ ನನ್ನ ಉದ್ಯೋಗ. ಒಮ್ಮೆ ಅಜ್ಜಿಯನ್ನೂ ಕೇಳಿದೆ: “ಅಜ್ಜಿ, ಒಂದು ಹಾಡು ಹೇಳಿ, ಟೇಪಿನಲ್ಲಿ ಹಿಡೀತೀನಿ.” ಅಜ್ಜಿ ನಾಚಿಕೊಂಡು, “ಅಯ್ಯೋ, ನಂದೇನೋ ಹಾಡು! ರೇಡಿಯೋದಲ್ಲಿ ಬರೋರನ್ನ ಹಿಡ್ಕೊಳ್ಳೋ” ಎಂದರು. ಖಾಲಿ ಕ್ಯಾಸೆಟ್ಟಿನ ಬೆಲೆಯನ್ನು ನೆನೆದುಕೊಂಡು ನಾನು ಕೂಡಲೇ ಒಪ್ಪಿಬಿಟ್ಟೆ. ಆ ದಿನ ಹಿಡಿದ ಹಾಡುಗಳೆಲ್ಲ ಇಂದು ಕೈಯಲ್ಲಿರುವ ಫೋನಿನಲ್ಲಿ ಬೇಕೆಂದಾಗ ಸಿಕ್ಕುತ್ತವೆ. ಅಜ್ಜಿಯದು ಎಲ್ಲಿಯೂ ಸಿಕ್ಕುವುದಿಲ್ಲ.

“ನಂದೇನೋ ಹಾಡು” ಎಂಬ ಆ ಮಾತು ಅಜ್ಜಿಯೊಬ್ಬರದಲ್ಲ ಎಂದು ಈಗ ತೋರುತ್ತದೆ. ಪ್ಲೇಟಿಗೆ ಹಾಡುವವರು ಬೇರೆ ಜಾತಿಯ ಹೆಂಗಸರು, ಮರ್ಯಾದಸ್ಥರ ಮನೆಯ ಹಾಡು ಹೊಸಿಲು ದಾಟಕೂಡದು ಎಂಬ ಒಂದು ಕಾಲದ ಕಟ್ಟು ಆ ನಾಚಿಕೆಯ ಹಿಂದಿದೆ. 1919ರಲ್ಲಿ ಹುಟ್ಟಿದ ಡಿ. ಕೆ. ಪಟ್ಟಮ್ಮಾಳ್ ಅಂಥ ಮನೆಯಿಂದ ಬಂದು ವೇದಿಕೆಯ ಮೇಲೆ ಹಾಡಿದ್ದು ಆ ಕಾಲಕ್ಕೆ ಒಂದು ಸಾಹಸವೇ ಆಗಿತ್ತು. ಗೌಹರ್ ಜಾನರಂಥವರನ್ನು ಸಮಾಜ ಕೇಳಿತು, ಗೌರವಿಸಲಿಲ್ಲ; ಅಜ್ಜಿಯಂಥವರನ್ನು ಗೌರವಿಸಿತು, ಕೇಳಲಿಲ್ಲ. ಎರಡು ಅನ್ಯಾಯಗಳಲ್ಲಿ ಯಾವುದು ದೊಡ್ಡದೆಂದು ಹೇಳುವುದು ನನ್ನಿಂದಾಗದು.

ಹಿಂದಿನವರು ಒಳ್ಳೆಯ ಕೇಳುಗರು, ಇಂದಿನವರಿಗೆ ತಾಳ್ಮೆಯಿಲ್ಲ ಎಂದು ಹೇಳಿ ಈ ಲೇಖನವನ್ನು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬಳು ಮೊನ್ನೆ ಮೆಟ್ನರನ ಪಿಯಾನೋವನ್ನು ಫೋನಿನಲ್ಲಿ ಹುಡುಕಿ ಕೇಳಿ, “ಸರ್, ಚೆನ್ನಾಗಿದೆ, ಆದರೆ ಪೂರ್ತಿ ಅರ್ಥವಾಗಲಿಲ್ಲ, ಇನ್ನೊಂದು ಸಲ ಕೇಳ್ತೀನಿ” ಎಂದಳು. ತಾತನ ಟಿಪ್ಪಣಿಯ ಮಾತೇ ಅದು. ದೂರದ ದನಿಗೆ ಕಿವಿಗೊಡುವ ಆಸೆ ಯಾವ ಕಾಲದಲ್ಲಿಯೂ ಕಡಮೆಯಾಗಿಲ್ಲ. ಹತ್ತಿರದ ದನಿಯ ಕತೆ ಹಾಗಲ್ಲ. ಅದು ಇದ್ದೇ ಇರುತ್ತದೆಂದು ನಂಬಿ ನಾಳೆಗೆ ಇಡುತ್ತೇವೆ.

ವಾಚಕರಲ್ಲಿ ನನ್ನದು ಒಂದೇ ಬಿನ್ನಹ. ಮನೆಯಲ್ಲಿ ಹಾಡುವ ಹಿರಿಯರು ಇದ್ದರೆ ಈ ಭಾನುವಾರ ಅವರ ಪಕ್ಕದಲ್ಲಿ ಕುಳಿತು ಒಂದು ಹಾಡು ಹೇಳಿಸಿಕೊಳ್ಳಿ. ಬೇಡ ಎಂದರೆ ಒಪ್ಪಬೇಡಿ. ನಾನು ಒಪ್ಪಿ ಕೆಟ್ಟೆ. ಈಗ ಕ್ಯಾಸೆಟ್ಟಿನ ಖರ್ಚೂ ಇಲ್ಲ.

ತಾತನ ಪುಸ್ತಕದ ಕೊನೆಯಲ್ಲಿ ಖಾಲಿ ಪುಟಗಳು ಉಳಿದಿದ್ದುವು. ಪೆನ್ಸಿಲು ತೆಗೆದುಕೊಂಡು ಒಂದು ಸಾಲು ಬರೆದಿದ್ದೇನೆ: “ಉರುಟಣೆಯ ಹಾಡು. ಅಜ್ಜಿ. ಆನಂದಭೈರವಿ.” ತಾತನ ಪ್ರಶ್ನೆಯ ಗುರುತಿಗೆ ಉತ್ತರ ಬರೆದಂತಾಯಿತು. ಕೇಳಿದ ದಿನ ಯಾವುದೆಂದು ಬರೆಯಲು ಮಾತ್ರ ನನಗೆ ನೆನಪಿಲ್ಲ.